ಇಸ್ತ್ರಿ ಮಸೆಕೊ ನಂಬದ ಸುದ್ದಿ

ಲುವಾಂಗ್ವಾ ನದಿಯ ದಂಡೆಯ ಆ ಲಾಡ್ಜಿಗೆ ಮೊದಲ ಸಲ ಹೋದಾಗ, ಅಲ್ಲಿ ಇಸ್ತ್ರಿ ಮಾಡುವ ಜೈಲೋಸ್ ಮಸೆಕೊಗೂ ಉಗ್ರಾಣ ನೋಡಿಕೊಳ್ಳುವ ಕಪಂಬ್ವೆಗೂ ಜನ್ಮದ ಹಗೆ ಎಂದು ನಾನು ತಿಳಿದಿದ್ದೆ. ತಿಳಿಯದೆ ಏನು? ಬೆಳಗ್ಗೆ ಕಣ್ಣುಜ್ಜಿಕೊಂಡು ಹೊರಗೆ ಬಂದ ಕಪಂಬ್ವೆ, "ಏನೋ ಇಲಿ ತಿನ್ನೋನೇ, ಇನ್ನೂ ಸತ್ತಿಲ್ವಾ?" ಎಂದು ಕೂಗುತ್ತಿದ್ದ. ಅತ್ತ ಕೆಂಡ ಊದುತ್ತಿದ್ದ ಮಸೆಕೊ ತಲೆಯೆತ್ತದೆ, "ನಿನ್ನನ್ನ ಹೂತು ಆಮೇಲೆ ಸಾಯ್ತೀನಿ, ಕೋತಿ ತಿನ್ನೋನೇ. ಆ ಹೊಟ್ಟೆಗೆ ಎರಡು ಗುಂಡಿ ತೋಡಬೇಕು, ಅದಕ್ಕೇ ತಡ," ಎನ್ನುತ್ತಿದ್ದ. ಇದು ಅವರ ನಮಸ್ಕಾರ ಎಂದು ಯಾರಿಗೆ ಹೊಳೆಯುತ್ತದೆ? ಎರಡು ದಿನ ಸಹಿಸಿ, ಮೂರನೆಯ ದಿನ ಇಬ್ಬರನ್ನೂ ಕೂರಿಸಿಕೊಂಡು ಸೌಹಾರ್ದದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಇಬ್ಬರೂ ತಲೆ ತಗ್ಗಿಸಿ ಭಕ್ತಿಯಿಂದ ಕೇಳಿದರು. ಮುಗಿದ ಮೇಲೆ ಕಪಂಬ್ವೆ ಪಕ್ಕದವನ ಕಿವಿಯಲ್ಲಿ, "ಬ್ವಾನನಿಗೆ ಮಲೇರಿಯಾ ಏರಿದೆ, ಮಾತ್ರೆ ಎಲ್ಲಿದೆ ನೋಡು," ಎಂದ. ಬ್ವಾನ ಎಂದರೆ ಸಾಹೇಬ, ಅಂದರೆ ನಾನು.

ಮಸೆಕೊ ನ್ಗೋನಿ ಜನ, ಕಪಂಬ್ವೆ ಬೆಂಬಾ ಜನ; ಅವರು ಇಲಿ ತಿನ್ನುವವರೆಂದು ಇವರೂ, ಇವರು ಕೋತಿ ತಿನ್ನುವವರೆಂದು ಅವರೂ ಹಂಗಿಸುವುದು ವಾಡಿಕೆ. ಇವರ ಮುತ್ತಾತಂದಿರು ಒಂದು ಕಾಲಕ್ಕೆ ಈಟಿ ಹಿಡಿದು ಬಡಿದಾಡಿದವರು. ಸಾಕಾಗಿ ಈಟಿ ಕೆಳಗಿಟ್ಟರೂ ಜಗಳ ಬಿಡಲು ಮನಸ್ಸು ಬರಲಿಲ್ಲ, ಅದನ್ನು ನಾಲಿಗೆಗೆ ವರ್ಗ ಮಾಡಿದರು. ಅಂದಿನಿಂದ ಒಬ್ಬರಿಗೊಬ್ಬರು ಕಸಿನ್. ಕಸಿನ್ ಆದವನು ಏನು ಬೇಕಾದರೂ ಅನ್ನಬಹುದು. ಸಿಟ್ಟು ಮಾಡಿಕೊಂಡವನೇ ನಗೆಪಾಟಲು. ಸಾವಿನ ಮನೆಯಲ್ಲಂತೂ ಕಸಿನ್ ಇಲ್ಲದೆ ಕೆಲಸ ಸಾಗದು. ಎಲ್ಲರೂ ಅಳುತ್ತಿರುವಾಗ ಸತ್ತವನ ಕೋಟು ತೊಟ್ಟು, ಅವನ ಹಾಗೇ ಕುಂಟಿ, ಅವನ ಹಾಗೇ ಕೆಮ್ಮಿ, ತೋಡಿದ ಗುಂಡಿಯಲ್ಲಿ ತಾನೇ ಮಲಗಿ "ಜಾಗ ಸಾಲದು" ಎಂದು ತಕರಾರು ತೆಗೆದು ನಗಿಸುವುದು ಅವನ ಪಾಲಿನ ಕರ್ತವ್ಯ. ಕಪಂಬ್ವೆಯ ತಂದೆ ತೀರಿಕೊಂಡಾಗ ಮಸೆಕೊ ಹೋಗಿ ಬಾಗಿಲಲ್ಲಿ ನಿಂತು, "ಕೊನೆಗೂ ಕೋತಿ ಗಂಟಲಲ್ಲಿ ಸಿಕ್ಕಿತಾ?" ಎಂದಿದ್ದನಂತೆ. ಮೂರು ದಿನದಿಂದ ತುಟಿ ಬಿಚ್ಚದೆ ಕೂತಿದ್ದ ಕಪಂಬ್ವೆ ಆಗ ಮೊದಲ ಸಲ ನಕ್ಕು, ಆಮೇಲೆ ಹೊಟ್ಟೆ ತುಂಬ ಅತ್ತ.

ಈ ಕತೆ ನಡೆದ ವರ್ಷ ಮೇ ತಿಂಗಳಲ್ಲಿ ಮಸೆಕೊ ಕೆಲಸಕ್ಕೆ ಹೊರಟಾಗ ಅವನ ಅಮ್ಮ ಚಾಪೆ ಹಿಡಿದಿದ್ದಳು. ಅವನದು ಚಿಪಾಟಾ ಪಟ್ಟಣದಾಚೆಯ ಹಳ್ಳಿ. ಲಾಡ್ಜು ಇರುವುದು ಕಾಡಿನ ನಡುವೆ. ಮಳೆ ನಿಂತ ಮೇಲೆ ತೆರೆಯುತ್ತದೆ, ನವೆಂಬರಿನಲ್ಲಿ ಮಳೆ ಮತ್ತೆ ಬಂದು ದಾರಿ ಮುಚ್ಚುವ ಮೊದಲು ಬಾಗಿಲು ಹಾಕುತ್ತದೆ. ಒಳಗೆ ಹೋದ ಕೆಲಸಗಾರ ನಡುವೆ ಹೊರಗೆ ಬರುವುದು ಅಪರೂಪ.

"ಮಳೆ ತನಕ ನಾನು ತಡೆಯಲ್ಲ," ಎಂದಿದ್ದಳು ಅಮ್ಮ.

"ಸುಮ್ನಿರಮ್ಮ. ಹೋದ ವರ್ಷವೂ ಹೀಗೇ ಅಂದೆ."

"ಹೋದ ವರ್ಷ ತಮಾಷೆಗೆ ಅಂದೆ. ಕೇಳು, ಬದುಕಿದ್ದಾಗ ಬರಬೇಡ, ದಾರಿ ಖರ್ಚು. ಹೂಳೋ ದಿನ ಬಾ. ಮೊದಲ ಹಿಡಿ ಮಣ್ಣು ನೀನೇ ಹಾಕಬೇಕು. ನೀನು ಬರದಿದ್ರೆ ನಿಮ್ಮ ಚಿಕ್ಕಪ್ಪ ಹಾಕ್ತಾನೆ. ಅವನಿಗೆ ಗುರಿ ಇಲ್ಲ, ನೆಟ್ಟಗೆ ಮೂಗಿನ ಮೇಲೇ ಎಸೀತಾನೆ."

ಮಸೆಕೊ ನಗುತ್ತಲೇ ಮಾತು ಕೊಟ್ಟ. ಒಬ್ಬನೇ ಮಗ. ಕೊಡದೆ ಇರುವುದು ಹೇಗೆ? ಕೊಟ್ಟ ಮೇಲೆ ಐದು ತಿಂಗಳು ಅದನ್ನು ಗಂಟಲಲ್ಲಿ ಇಟ್ಟುಕೊಂಡೇ ತಿರುಗಿದ.

ಲಾಡ್ಜಿನಲ್ಲಿ ಅವನ ಜಾಗ ಅಡಿಗೆಮನೆಯ ಹಿಂದಿನ ಹುಣಸೆಮರದ ನೆರಳು. ಒಂದು ಮೇಜು, ಎರಡು ಕೆಂಡದ ಇಸ್ತ್ರಿಪೆಟ್ಟಿಗೆ, ಒಂದು ಬೆತ್ತದ ಬುಟ್ಟಿ. ಕಾಲುಚೀಲ, ಟವೆಲ್ಲು, ಮೂಗೊರೆಸುವ ಚೌಕ, ಯಾವುದನ್ನೂ ಅವನು ಇಸ್ತ್ರಿ ಮಾಡದೆ ಬಿಡುವವನಲ್ಲ. ಬಂದ ಅತಿಥಿಗಳು ಇದನ್ನು ರಾಜೋಪಚಾರ ಎಂದು ತಿಳಿದು ಕೊಠಡಿಯ ಪುಸ್ತಕದಲ್ಲಿ ಹೊಗಳಿ ಬರೆಯುತ್ತಿದ್ದರು. ನಿಜ ಸಂಗತಿ ಏನೆಂದರೆ, ಹಗ್ಗದ ಮೇಲೆ ಒಣಗುವ ಒದ್ದೆ ಬಟ್ಟೆಯಲ್ಲಿ ಅಲ್ಲಿಯ ಒಂದು ನೊಣ ಮೊಟ್ಟೆ ಇಡುತ್ತದೆ. ಕೆಂಡದ ಬಿಸಿ ತಾಗದಿದ್ದರೆ ಅದು ಉಟ್ಟವರ ಚರ್ಮದೊಳಗೆ ಹುಳುವಾಗಿ ಸಂಸಾರ ಹೂಡುತ್ತದೆ. ಇದನ್ನು ಅತಿಥಿಗಳಿಗೆ ಹೇಳಬಾರದೆಂದು ಮ್ಯಾನೇಜರ್ ಕೋಲ್ಬಿಯ ಕಟ್ಟಪ್ಪಣೆ. ಒಳಉಡುಪನ್ನು ಮಾತ್ರ ಮಸೆಕೊ ಮುಟ್ಟುತ್ತಿರಲಿಲ್ಲ. ಅದು ಅವರವರ ಕೈಯಲ್ಲೇ ಆಗಬೇಕಾದ ಕೆಲಸ ಎಂಬುದು ಅಲ್ಲಿಯ ಪದ್ಧತಿ. ಕೋಲ್ಬಿಯಂಥ ಕೋಲ್ಬಿಯೂ ಆ ವಿಷಯದಲ್ಲಿ ಅವನ ಮುಂದೆ ಸೋತು, ಪ್ರತಿ ಸ್ನಾನದಮನೆಯಲ್ಲಿ ಒಂದು ಬಟ್ಟಲು ಸೋಪಿನಪುಡಿ ಇಡಿಸಿದ್ದ.

"ಇವರು ನೋಡು," ಎಂದು ಮಸೆಕೊ ಕಪಂಬ್ವೆಗೆ ಅತಿಥಿಗಳ ಅಂಗಿ ಎತ್ತಿ ತೋರಿಸುತ್ತಿದ್ದ, "ಸಿಂಹಕ್ಕೆ ಕಾಣಬಾರದು ಅಂತ ಒಣಹುಲ್ಲಿನ ಬಣ್ಣ ಹಾಕ್ಕೊಂಡು ಸಿಂಹ ಹುಡುಕ್ಕೊಂಡು ಹೋಗ್ತಾರೆ. ಇಪ್ಪತ್ತು ಜೇಬು. ಒಂದರಲ್ಲೂ ಏನೂ ಇರಲ್ಲ."

"ನಿನ್ನ ತಲೆ ತರಹ," ಎನ್ನುತ್ತಿದ್ದ ಕಪಂಬ್ವೆ.

ಮೊಬೈಲ್ ಗೋಪುರಗಳು ಆ ಕಡೆ ಇನ್ನೂ ಕಾಲಿಟ್ಟಿರಲಿಲ್ಲ. ಹೊರಗಿನ ಸುದ್ದಿ ಬರುತ್ತಿದ್ದುದು ಉಗ್ರಾಣದ ಮೂಲೆಯಲ್ಲಿದ್ದ, ಆ ಕಡೆಯವರೂ ಈ ಕಡೆಯವರೂ ಮಾತಾಡುವ ರೇಡಿಯೋ ಪೆಟ್ಟಿಗೆಯಿಂದ. ಅದರ ಯಜಮಾನ ಕಪಂಬ್ವೆ. ಎಂದರೆ ಮಸೆಕೊನ ಅಮ್ಮನ ಸುದ್ದಿ ಕಸಿನ್ನನ ಬಾಯಿಂದಲೇ ಬರಬೇಕು. ಕಸಿನ್ ಇಂಥ ಅವಕಾಶ ಬಿಡುತ್ತಾನೆಯೆ? ಜೂನ್ ತಿಂಗಳಲ್ಲಿ ಓಡಿಬಂದು, "ಮಸೆಕೊ, ನಿಮ್ಮಮ್ಮ ಒಬ್ಬ ಬೆಂಬಾ ಮುದುಕನ್ನ ಕಟ್ಟಿಕೊಂಡು ಓಡಿಹೋದ್ಲಂತೆ. ಇನ್ಮೇಲೆ ನನ್ನನ್ನ ಅಪ್ಪಾ ಅನ್ನು," ಎಂದ. ಆಗಸ್ಟಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮುಖ ಬಾಡಿಸಿ, ಟೋಪಿ ಕೈಯಲ್ಲಿ ಹಿಡಿದು ಬಂದು, "ನಿಮ್ಮಮ್ಮ ಹೋಗಿಬಿಟ್ರು, ನನ್ನ ಹೆಂಡತಿ ಆಣೆ," ಎಂದ. ಮಸೆಕೊ ಇಸ್ತ್ರಿ ಬಿಟ್ಟು, ಚಪ್ಪಲಿ ಬಿಟ್ಟು, ಮುಳ್ಳು ತುಳಿದುಕೊಂಡು ರೇಡಿಯೋ ಹತ್ತಿರ ಓಡಿದರೆ, ಅಲ್ಲಿ ಅಡಿಗೆಯವರು, ತೋಟದವರು ಎಲ್ಲ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಾಚಿಕೆಯಿಂದ ಹೋದ್ರು ಅಂತೀನಿ ಕಣೋ," ಎಂದ ಕಪಂಬ್ವೆ, "ಮಗ ಹೆಂಗಸರ ಪ್ಯಾಂಟು ತೀಡ್ತಾನೆ ಅಂತ ಗೊತ್ತಾಯ್ತಂತೆ."

ಮಸೆಕೊ ನಕ್ಕ. ನಗಲೇಬೇಕು. ಅಂಗಾಲಿನ ಮುಳ್ಳು ಕೀಳುತ್ತ, ಇನ್ನು ಈ ಕೋತಿಯ ಮಾತಿಗೆ ಇಸ್ತ್ರಿ ಕೆಳಗಿಟ್ಟರೆ ನಾನು ನ್ಗೋನಿಯೇ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಅಕ್ಟೋಬರ್ ಬಂತು. ನದಿ ಸೊರಗಿ ಮರಳಾಯಿತು, ನೀರಾನೆಗಳು ಒಂದರ ಮೇಲೊಂದು ಬಿದ್ದು ಗುಟುರು ಹಾಕತೊಡಗಿದವು. ಅದೊಂದು ಶುಕ್ರವಾರ. ಸಾಮಾನಿನ ಲಾರಿ ಬರುವುದು ಮಂಗಳವಾರ ಮತ್ತು ಶುಕ್ರವಾರ. ಬೆಳಗ್ಗೆ ಇಳಿಸಿ, ಹತ್ತಕ್ಕೆ ವಾಪಸು ಹೊರಡುತ್ತದೆ. ಒಂಬತ್ತೂವರೆಯ ಹೊತ್ತಿಗೆ ಕಪಂಬ್ವೆ ಹುಣಸೆಮರದ ಕೆಳಗೆ ಬಂದ. ಕೈಯಲ್ಲಿ ಟೋಪಿ.

"ಮಸೆಕೊ, ಇಸ್ತ್ರಿ ಕೆಳಗಿಡು."

"ಯಾಕೆ, ನಿನ್ನ ಮುಖಕ್ಕೆ ಹಾಕ್ಬೇಕಾ? ಆ ಸುಕ್ಕು ಹೋಗಲ್ಲ ಬಿಡು."

ಸುದ್ದಿ ನಿಜವಾಗಿತ್ತು. ಅಮ್ಮ ಗುರುವಾರ ಸಂಜೆಯೇ ಹೋಗಿದ್ದಳು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮಣ್ಣು, ಅದಕ್ಕಿಂತ ಹೆಚ್ಚು ಹೊತ್ತು ಇಡಲು ಆ ಬಿಸಿಲು ಬಿಡುವುದಿಲ್ಲ, ಮಗನನ್ನು ಕಳಿಸಿ ಎಂದು ರೇಡಿಯೋ ಎರಡು ಸಲ ಹೇಳಿತ್ತು. ಉಗ್ರಾಣದಿಂದ ಮರದವರೆಗಿನ ನೂರು ಹೆಜ್ಜೆಯಲ್ಲಿ ಕಪಂಬ್ವೆ ಇದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತ ಬಂದಿದ್ದ. ಬೇರೆಯವನಾಗಿದ್ದರೆ ನೆಟ್ಟಗೆ ಹೇಳುತ್ತಿದ್ದ. ಇವನು ಕಸಿನ್. ಕಸಿನ್ ಆದವನು ಸಾವನ್ನು ಬರಿಗೈಯಲ್ಲಿ ತಂದುಕೊಡಬಾರದು, ಜೊತೆಗೆ ಒಂದು ನಗೆ ತರಬೇಕು. ತನ್ನ ತಂದೆ ತೀರಿಕೊಂಡಾಗ ಮಸೆಕೊ ತಂದಿರಲಿಲ್ಲವೆ? ಕಪಂಬ್ವೆ ಗಂಟಲು ಸರಿಮಾಡಿಕೊಂಡು, ತನಗೆ ಗೊತ್ತಿದ್ದ ಅತ್ಯಂತ ಪ್ರೀತಿಯ ರೀತಿಯಲ್ಲಿ ಹೇಳಿದ:

"ಇವತ್ತು ನಿಮ್ಮೂರಲ್ಲಿ ಇಲಿಗಳೆಲ್ಲ ಹಬ್ಬ ಮಾಡ್ತಿವೆಯಂತೆ ಕಣೋ. ನಿಮ್ಮಮ್ಮ ಇನ್ನು ನಮ್ಮನ್ನ ಹಿಡಿಯಲ್ಲ ಅಂತ."

ಮಸೆಕೊ ಒಂದು ಕ್ಷಣ ಕೇಳಿ, ತಲೆಯನ್ನು ಹಿಂದಕ್ಕೆ ಹಾಕಿ ನಕ್ಕ.

"ಚೆನ್ನಾಗಿದೆ! ಆಗಸ್ಟಿಂದಕ್ಕಿಂತ ಚೆನ್ನಾಗಿದೆ. ಎಷ್ಟು ದಿನದಿಂದ ಕಟ್ಟಿದೆ ಇದನ್ನ?"

"ನಿಜ ಕಣೋ."

"ಆಗಲೂ ನಿಜ ಅಂದಿದ್ದೆ."

"ನನ್ನ ಮಕ್ಕಳ ಆಣೆ."

"ಆಗ ಹೆಂಡತಿ ಆಣೆ ಇಟ್ಟೆ. ಪಾಪ, ಅವಳು ಗಟ್ಟಿ, ಇನ್ನೂ ಇದಾಳೆ. ಮಕ್ಕಳನ್ನಾದ್ರೂ ಬಿಡೋ ಮಾರಾಯ."

"ಬಾ ಮಸೆಕೊ," ಎಂದ ಕಪಂಬ್ವೆ. ಅವರ ಮಾತಿನಲ್ಲಿ ಹೆಸರಿನ ಮುಂಚೆ 'ಬಾ' ಎಂದರೆ ನಮ್ಮ 'ಅವರೇ' ಎಂದ ಹಾಗೆ; ಹದಿನೈದು ವರ್ಷದಲ್ಲಿ ಅವನು ಈ ಕಸಿನ್ನನನ್ನು ಹೀಗೆ ಮರ್ಯಾದೆ ಸೇರಿಸಿ ಕರೆದದ್ದು ಅದೇ ಮೊದಲು. ಮಸೆಕೊಗೆ ಅದು ಇನ್ನೂ ಮಜವಾಗಿ ಕಂಡಿತು.

"ಅಬ್ಬಬ್ಬಾ! ಮರ್ಯಾದೆ ಬೇರೆ! ಕಣ್ಣಲ್ಲಿ ನೀರು ಬೇರೆ! ಈರುಳ್ಳಿ ಹಚ್ಚಿಕೊಂಡು ಬಂದೆಯಾ?" ಅಡಿಗೆಮನೆಯ ಬಾಗಿಲಲ್ಲಿ ನಾಲ್ಕಾರು ಜನ ಬಂದು ನಿಂತಿದ್ದರು. ಸುದ್ದಿ ಅವರಿಗೂ ತಿಳಿದಿತ್ತು. ಹತ್ತಿರ ಬರಲು ತೋಚದೆ ನಿಂತಿದ್ದರು. ಮಸೆಕೊ ಅವರತ್ತ ಇಸ್ತ್ರಿಪೆಟ್ಟಿಗೆ ಎತ್ತಿ ತೋರಿಸಿ, "ನೋಡೋಕೆ ಬಂದ್ರಾ? ಹೋಗ್ರಪ್ಪಾ, ಇವತ್ತು ಆಟ ಇಲ್ಲ," ಎಂದು ಕೂಗಿದ.

ಆಚೆ ಲಾರಿ ಹಾರ್ನ್ ಮಾಡಿತು. ಕಪಂಬ್ವೆ ಅವನ ರಟ್ಟೆ ಹಿಡಿದು ಎಳೆದ. "ಲಾರಿ ಹೋಗ್ತಿದೆ ಕಣೋ! ಹತ್ತು! ಆಮೇಲೆ ನನ್ನನ್ನ ಹೊಡಿ, ಬಡಿ, ಈಗ ಹತ್ತು!"

"ಹತ್ತಿದ ತಕ್ಷಣ ನೀವೆಲ್ಲ ಕೇಕೆ ಹಾಕ್ತೀರ. ಗೊತ್ತು ಹೋಗೋ. ಬೆಂಬಾ ಬುದ್ಧಿ ಬೆಂಬಾನ ಹತ್ರ ತೋರಿಸು."

ಕಪಂಬ್ವೆ ಲಾರಿ ತಡೆದು ನಿಲ್ಲಿಸಲು ಹೊಟ್ಟೆ ಕುಲುಕಿಸಿಕೊಂಡು ಓಡಿದ. ಮಸೆಕೊಗೆ ಆ ಓಟ ನೋಡಿ ಮತ್ತೊಮ್ಮೆ ನಗು ಬಂತು. ಹೀಗೆ ಓಡುವಷ್ಟು ಕಷ್ಟಪಟ್ಟು ತಮಾಷೆ ಮಾಡುವವನನ್ನು ಮೆಚ್ಚಬೇಕಾದ್ದೇ ಎಂದುಕೊಂಡ. ಲಾರಿಯ ಸದ್ದು ಮರಳುದಾರಿ ಇಳಿದು, ತಿರುವು ದಾಟಿ, ಕೇಳದಾಯಿತು.

ಕಪಂಬ್ವೆ ವಾಪಸು ಬಂದು ಮರದ ಬುಡದಲ್ಲಿ ಕುಳಿತ. ಏದುಸಿರು. ಟೋಪಿ ಎಲ್ಲೋ ಬಿದ್ದುಹೋಗಿತ್ತು.

"ಏನು, ಓಡಿದ್ದಕ್ಕೆ ಒಂದು ಕೋತಿಯಷ್ಟು ಕೊಬ್ಬು ಕರಗಿತಾ?" ಎಂದ ಮಸೆಕೊ.

ಕಪಂಬ್ವೆ ಅಂಗೈಯಿಂದ ಮುಖ ಒರೆಸಿಕೊಂಡ.

"ನಾಳೆ ಇನ್ನೊಂದು ಕಟ್ಕೊಂಡು ಬಾ. ನಾನೇ ಸತ್ತೆ ಅಂತ ಹೇಳು, ನಂಬ್ತೀನಿ."

ಕಪಂಬ್ವೆ ನೆಲ ನೋಡುತ್ತಿದ್ದ.

"ಏಯ್, ಕೋತಿ ತಿನ್ನೋನೇ."

ಮೂರು ಬೈಗುಳ ಎಸೆದು ಒಂದೂ ತಿರುಗಿ ಬರದೆ ಇದ್ದದ್ದು ಅವನ ಅನುಭವದಲ್ಲೇ ಇರಲಿಲ್ಲ. ಮಸೆಕೊ ಕಪಂಬ್ವೆಯನ್ನು ನೋಡಿದ. ಅಡಿಗೆಮನೆಯ ಬಾಗಿಲು ನೋಡಿದ. ಅಲ್ಲಿ ಯಾರೂ ನಗುತ್ತಿರಲಿಲ್ಲ. ಅಡಿಗೆಯ ಹೆಂಗಸು ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ಇಸ್ತ್ರಿಪೆಟ್ಟಿಗೆ ಅವನ ಕೈಯ ಕೆಳಗೆ ಅಲ್ಲೇ ನಿಂತಿತ್ತು; ಇಪ್ಪತ್ತು ಜೇಬಿನ ಅಂಗಿಯಿಂದ ಹೊಗೆ ಬಂದಾಗಲೂ ಅವನಿಗೆ ಎತ್ತಬೇಕೆಂದು ತೋಚಲಿಲ್ಲ.

"ಯಾವಾಗ?" ಎಂದ.

"ನಿನ್ನೆ ಸಂಜೆ. ನಾಳೆ ಹನ್ನೆರಡಕ್ಕೆ ಮಣ್ಣು."

ಕೋಲ್ಬಿ ಒಳ್ಳೆಯ ಮನುಷ್ಯ. ತಾನು ಒಳ್ಳೆಯವನು ಎಂಬುದನ್ನು ಬೇರೆಯವರು ಮರೆಯದಂತೆ ನೋಡಿಕೊಳ್ಳುವುದರಲ್ಲಿ ಅವನ ಅರ್ಧ ದಿನ ಕಳೆಯುತ್ತಿತ್ತು. ಸುದ್ದಿ ಕೇಳಿದವನೇ ಎದ್ದು ಬಂದು ಮಸೆಕೊನ ಹೆಗಲ ಮೇಲೆ ಕೈಯಿಟ್ಟು, ಕೈಯನ್ನು ಬಹಳ ಹೊತ್ತು ಅಲ್ಲೇ ಬಿಟ್ಟ.

"ಇಲ್ಲಿ ನಾವೆಲ್ಲ ಒಂದೇ ಕುಟುಂಬ, ಜೈಲೋಸ್."

"ಜೀಪು ಬೇಕಿತ್ತು, ಬ್ವಾನ."

ಕೋಲ್ಬಿ ಕೈ ತೆಗೆದ. ಜೀಪು ಎರಡು. ಒಂದು ಚಿರತೆ ಹುಡುಕಲು ಹೋಗಿತ್ತು, ಇನ್ನೊಂದು ಸಂಜೆಗೆ ಹೋಗಬೇಕಿತ್ತು. ಅತಿಥಿಗಳು ಒಂದು ವರ್ಷ ಮೊದಲೇ ಗೊತ್ತುಮಾಡಿಕೊಂಡು ಬಂದವರು. ಅವರಿಗೆ ಒಂದು ಸಂಜೆ ತಪ್ಪಿಸುವುದು ಹೇಗೆ? ಕಾಲ್ನಡಿಗೆಯಲ್ಲಿ ಹೊರಟರೆ ಬಸ್ಸು ಸಿಗುವ ಮಫುವೆ ಪೇಟೆಗೇ ಅರವತ್ತು ಕಿಲೋಮೀಟರು, ಸಿಂಹದ ಸೀಮೆ. "ಆದರೆ ನಾಳೆ ಬೆಳಗ್ಗೆ ಐದಕ್ಕೆ ಒಂದು ಜೀಪು ಅತಿಥಿಗಳನ್ನು ವಿಮಾನಕ್ಕೆ ಬಿಡೋಕೆ ಮಫುವೆಗೆ ಹೋಗುತ್ತೆ," ಎಂದು ರಾಜ್ಯವನ್ನೇ ದಾನ ಕೊಡುವವನ ಗತ್ತಿನಲ್ಲಿ ಹೇಳಿದ, "ಅದರ ಹಿಂದಿನ ಸೀಟಲ್ಲಿ ನಿನಗೆ ಜಾಗ ಇದೆ. ಏನೂ ಸಂಕೋಚ ಬೇಡ!" ಮಸೆಕೊ ಬಾಗಿಲು ದಾಟುವಾಗ ತಡೆದು, ಮೆತ್ತಗೆ, "ಆ ಸುಟ್ಟ ಅಂಗಿ ಯಾರದ್ದು?" ಎಂದೂ ಕೇಳಿದ.

ಮಸೆಕೊ ಲೆಕ್ಕ ಹಾಕಿದ. ಐದಕ್ಕೆ ಹೊರಟರೆ ಏಳೂವರೆಗೆ ಮಫುವೆ. ಎಂಟಕ್ಕೆ ಚಿಪಾಟಾ ಬಸ್ಸು. ಹನ್ನೊಂದಕ್ಕೆ ಚಿಪಾಟಾ, ಅಲ್ಲಿಂದ ಬಾಡಿಗೆ ಸೈಕಲ್ಲಿನ ಹಿಂದೆ ಕೂತರೆ ಅರ್ಧ ಗಂಟೆ. ಆಗುತ್ತದೆ. ಎಂಟರ ಬಸ್ಸು ತಪ್ಪಿದರೆ ಆಗುವುದಿಲ್ಲ, ಮುಂದಿನದು ಮಧ್ಯಾಹ್ನ ಎರಡಕ್ಕೆ. ಲೆಕ್ಕ ಮುಗಿದ ಮೇಲೆ ಮರದ ಕೆಳಗೆ ಹೋಗಿ ಉಳಿದ ಬಟ್ಟೆಗೆ ಇಸ್ತ್ರಿ ಹಾಕಿದ. ಬೆಳಗ್ಗೆ ಹೊರಡುವ ಅತಿಥಿಗಳ ಬಟ್ಟೆಯೇ ಅದು.

ಸಂಜೆ ಕಪಂಬ್ವೆ ಬಂದು ಪಕ್ಕದಲ್ಲಿ ಕುಳಿತ. ಇಬ್ಬರ ನಡುವೆ ಒಂದು ತಟ್ಟೆ ನ್ಶಿಮಾ, ಅಲ್ಲಿಯ ಮೆಕ್ಕೆಜೋಳದ ಮುದ್ದೆ, ಆರುತ್ತಿತ್ತು.

"ಏನಾದ್ರೂ ಅನ್ನು," ಎಂದ ಮಸೆಕೊ.

"ಏನನ್ನಲಿ?"

"ಏನಾದ್ರೂ. ಅವಳು ಮುಗ್ಗಲು ಇಲಿ ಬೇಯಿಸ್ತಿದ್ಲು ಅನ್ನು. ನಿನಗೆ ಸೌಟಲ್ಲಿ ಹೊಡೆದಿದ್ಲಲ್ಲ, ಅದನ್ನ ಹೇಳು. ಕಸಿನ್ ಅಲ್ವಾ ನೀನು?"

ಕಪಂಬ್ವೆ ತಟ್ಟೆಯನ್ನು ಆಚೆ ಸರಿಸಿದ. "ಬರ್ತಿಲ್ಲ ಕಣೋ," ಎಂದ. "ಬೆಳಗ್ಗೆಯಿಂದ ಹುಡುಕ್ತಿದೀನಿ. ಒಂದೂ ಬರ್ತಿಲ್ಲ. ನಾನು ಅದನ್ನ ನೆಟ್ಟಗೆ ಹೇಳಬೇಕಿತ್ತು."

"ನೆಟ್ಟಗೆ ಹೇಳಿದ್ರೂ ನಂಬ್ತಿರಲಿಲ್ಲ," ಎಂದ ಮಸೆಕೊ. ಅದು ಸಮಾಧಾನಕ್ಕೆ ಹೇಳಿದ್ದೋ ನಿಜಕ್ಕೆ ಹೇಳಿದ್ದೋ ಇಬ್ಬರಿಗೂ ಗೊತ್ತಾಗಲಿಲ್ಲ. ಮುದ್ದೆ ಯಾರೂ ಮುಟ್ಟದೆ ಕಲ್ಲಾಯಿತು.

ಬೆಳಗ್ಗೆ ಜೀಪು ಹೊರಟಾಗ ಐದೂಕಾಲು. ಅತಿಥಿಗಳು ಗಂಡ ಹೆಂಡತಿ, ಲಂಡನ್ನಿನ ಕಡೆಯವರು. ಸುಟ್ಟ ಅಂಗಿ ಗಂಡನದ್ದೇ. ಅವರಿಗೆ ಬೇಜಾರಿರಲಿಲ್ಲ, ಬೆನ್ನ ಮೇಲೆ ಮೂಡಿದ ಕಂದು ತ್ರಿಕೋನವನ್ನು ಚಾಲಕ ಯೋನಾಗೆ ತೋರಿಸಿ, "ಅಸಲಿ ಕೆಂಡ! ಊರಲ್ಲಿ ಯಾರ ಹತ್ರ ಇದೆ ಇದು?" ಎಂದು ಹಿಗ್ಗುತ್ತಿದ್ದರು. ಮಸೆಕೊ ಹಿಂದೆ ಪೆಟ್ಟಿಗೆಗಳ ನಡುವೆ ಕೂತಿದ್ದ. ತೊಡೆಯ ಮೇಲೆ ಒಂದು ಗಂಟು; ಅದರಲ್ಲಿ ಅವನ ಕರಿ ಕೋಟು, ಅವನೇ ಇಸ್ತ್ರಿ ಮಾಡಿದ್ದು.

ಆರೂವರೆಗೆ ದಾರಿಯಲ್ಲಿ ಕಾಡುನಾಯಿಗಳು ಸಿಕ್ಕವು. ಹನ್ನೊಂದು ನಾಯಿ, ಅದರಲ್ಲಿ ಆರು ಮರಿ, ಮರಳಿನ ಮೇಲೆ ಹೊರಳಾಡುತ್ತಿದ್ದವು. ಹೆಂಡತಿ ಉಸಿರು ಬಿಗಿಹಿಡಿದು ಯೋನಾನ ತೋಳು ಗಟ್ಟಿಯಾಗಿ ಹಿಡಿದಳು. ಎಂಟು ದಿನ ಹುಡುಕಿ ಸಿಗದಿದ್ದ ಪ್ರಾಣಿ. ಯೋನಾ ಇಂಜಿನ್ ನಿಲ್ಲಿಸಿದ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಗಂಡ ಕ್ಯಾಮೆರಾದ ಮಸೂರ ಬದಲಾಯಿಸಿದ. ಯೋನಾ ಕನ್ನಡಿಯಲ್ಲಿ ಮಸೆಕೊನ ಮುಖ ನೋಡಿ, ತಮ್ಮ ಮಾತಿನಲ್ಲಿ ಮೆಲ್ಲಗೆ ಕೇಳಿದ:

"ಬಾ ಮಸೆಕೊ, ಹೇಳ್ಲಾ ಇವರಿಗೆ?"

"ಬೇಡ."

"ಹೇಳಿದ್ರೆ ಹೊರಡ್ತಾರೆ. ಒಳ್ಳೆಯವರು."

"ಒಳ್ಳೆಯವರು ಅಂತಲೇ ಬೇಡ ಅಂದೆ. ಹೇಳಿದ್ರೆ ಆಯಮ್ಮ ಅಳ್ತಾಳೆ. ಇಳಿದು ಬಂದು ತಬ್ಕೋತಾಳೆ. ಆಮೇಲೆ ಅಮ್ಮನ ಹೆಸರು ಕೇಳ್ತಾಳೆ, ವಯಸ್ಸು ಕೇಳ್ತಾಳೆ. ಅದಕ್ಕೆ ಇನ್ನರ್ಧ ಗಂಟೆ. ಈ ನಾಯಿಗಳಾದ್ರೂ ತಾವೇ ಎದ್ದು ಹೋಗ್ತವೆ."

ನಾಯಿಗಳು ಎದ್ದು ಹೋಗಲು ಐವತ್ತು ನಿಮಿಷ ತೆಗೆದುಕೊಂಡವು. ಮಸೆಕೊ ಅಷ್ಟು ಹೊತ್ತೂ ಗಂಟಿನ ಮೇಲೆ ಎರಡು ಕೈ ಇಟ್ಟುಕೊಂಡು, ಅತಿಥಿಗಳ ಜೊತೆ ಕೂತಾಗ ಇರಬೇಕಾದ ಹಾಗೆ, ಸದ್ದಿಲ್ಲದೆ ಇದ್ದ. ಅಮ್ಮನನ್ನು ಈಗ ಹೆಂಗಸರು ತೊಳೆದು ಬಟ್ಟೆ ಸುತ್ತುತ್ತಿರಬೇಕು. ಚಿಕ್ಕಪ್ಪ ಗುಂಡಿಯ ಹತ್ತಿರ ನಿಂತು ಯಾರಿಗೂ ಬೇಡದ ಸಲಹೆ ಕೊಡುತ್ತಿರಬೇಕು. ದಾರಿಯತ್ತ ಆಗಾಗ ಯಾರಾದರೂ ಕತ್ತು ಎತ್ತಿ ನೋಡುತ್ತಿರಬೇಕು.

ಮುಂದೆ ಯೋನಾ ಹುಚ್ಚನಂತೆ ಓಡಿಸಿದ. ಪೆಟ್ಟಿಗೆಗಳು ಹಾರಿ ಮಸೆಕೊನ ಮೊಳಕಾಲಿಗೆ ಬಡಿದವು. ಮಫುವೆಯ ಮಾರುಕಟ್ಟೆ ಮುಟ್ಟಿದಾಗ ಎಂಟೂ ಇಪ್ಪತ್ತು. ಬಸ್ಸು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆಯೂ ಬಾಳೆಹಣ್ಣಿನ ಸಿಪ್ಪೆಯೂ ಇದ್ದವು. ಟೊಮ್ಯಾಟೊ ಮಾರುವವಳು ಚಿಪಾಟಾ ದಾರಿಯತ್ತ ಗದ್ದ ತೋರಿಸಿ, "ಈಗ ತಾನೇ, ಅಪ್ಪಾ. ತುಂಬಿಕೊಂಡು ಹೋಯ್ತು," ಎಂದಳು.

ಬೇರೆ ಗಾಡಿ ಏನಾದರೂ? ಅವಳು ತಲೆಯಾಡಿಸಿದಳು. ಯೋನಾ ಗಡಿಯಾರ ನೋಡಿದ. ಅವನು ಬಸ್ಸಿನ ಬೆನ್ನು ಹತ್ತಿದರೂ, ಚಿಪಾಟಾವರೆಗೆ ಹೋಗಿಬಂದರೂ, ಅತಿಥಿಗಳ ವಿಮಾನವೂ ಅವನ ಕೆಲಸವೂ ಒಟ್ಟಿಗೆ ಹಾರಿಹೋಗುತ್ತವೆ. ಮಸೆಕೊ ಅವನಿಗೆ ಬೇಡ ಎಂದು ಕೈ ಮಾಡಿ, ಗಂಟು ಹಿಡಿದು ಇಳಿದ. ಇಳಿದವನು ಯಾವ ಕಡೆ ಹೆಜ್ಜೆ ಇಡುವುದೆಂದು ತಿಳಿಯದೆ ಜೀಪಿನ ಪಕ್ಕದಲ್ಲೇ ನಿಂತ.

ಆ ಹೆಂಗಸು ಜೀಪಿನಿಂದ ಬಗ್ಗಿ, ಮುಖ ಅರಳಿಸಿಕೊಂಡು ಅವನ ಕೈ ಹಿಡಿದಳು. ನಾಯಿ ಕಂಡ ಸಂತೋಷ ಕಣ್ಣಲ್ಲಿ ಇನ್ನೂ ಮಿನುಗುತ್ತಿತ್ತು.

"ರಜಾ ಹಾಕಿ ಊರಿಗೆ ಹೊರಟಿರಾ? ಎಷ್ಟು ಖುಷಿ! ಮನೆಯಲ್ಲಿ ಎಲ್ಲರೂ ನಿಮಗಾಗಿ ಕಾಯ್ತಿರಬೇಕು, ಅಲ್ವಾ?"

"ಹನ್ನೆರಡರ ತನಕ ಕಾಯ್ತಾರೆ, ಮೇಡಂ," ಎಂದ ಮಸೆಕೊ. "ಆಮೇಲೆ ನಮ್ಮಮ್ಮನ್ನ ಮಣ್ಣು ಮಾಡ್ತಾರೆ. ನೀವು ನಾಯಿ ನೋಡ್ತಿದ್ರಿ, ನನ್ನ ಬಸ್ಸು ಹೋಯ್ತು."